ಗುರುವಾರದ ಪ್ರಾಕ್ಟಿಕಲ್

ನಮ್ಮೂರಿಗೆ ಗುರುವಾರ ಬರಬೇಡಿ. ಬಂದರೂ ಕಾಫಿ ಕೇಳಬೇಡಿ. ಕೇಳಿದರೆ ಕೊಡುವುದಿಲ್ಲ ಅಂತಲ್ಲ, ಕೊಡುತ್ತೇವೆ. ಆದರೆ ಲೋಟದ ತಳದಲ್ಲಿ ಸಕ್ಕರೆ, ಅದರ ಮೇಲೆ ಡಿಕಾಕ್ಷನ್, ಅದರ ಮೇಲೆ ಹಾಲು, ಮೂರೂ ಮಾತು ಬಿಟ್ಟವರ ಹಾಗೆ ಬೇರೆ ಬೇರೆ ಕೂತಿರುತ್ತವೆ. ಚಮಚ ಹಾಕಿ ಎಷ್ಟು ತಿರುವಿದರೂ ಅಷ್ಟೇ. ಗುರುವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ನಮ್ಮೂರಲ್ಲಿ ಬೆರೆಸಿದ್ದೆಲ್ಲ ಬೇರೆಯಾಗುತ್ತದೆ. ಸಾರಿನ ಉಪ್ಪು ತಳಕ್ಕಿಳಿಯುತ್ತದೆ, ಚಿತ್ರಾನ್ನದ ಕಡಲೆಬೀಜ ಒಂದು ಮೂಲೆಗೆ ಸೇರಿಕೊಳ್ಳುತ್ತದೆ. ಸಿಮೆಂಟು ಮರಳು ಜೊತೆಗಿರುವುದಿಲ್ಲವಾದ್ದರಿಂದ ಗಾರೆ ಕೆಲಸದವರಿಗೆ ಅಂದು ರಜೆ. ಹಾಲಿನ ಪುಟ್ಟೀರ ವಾರದ ಆರು ದಿನ ತಪ್ಪದೆ ಬರುತ್ತಾನೆ, ಗುರುವಾರ ಮಾತ್ರ ಅವನ ಎಮ್ಮೆಗೆ ಹುಷಾರಿರುವುದಿಲ್ಲ. ಯಾಕೆ ಅಂತ ನಾನು ಬಾಯಿ ಬಿಟ್ಟು ಹೇಳಬೇಕೇ?

ಮೈಯೊಳಗಿನ ರಕ್ತ ಯಾಕೆ ಬೇರೆಯಾಗುವುದಿಲ್ಲ, ಗಾಳಿಗೆ ಯಾಕೆ ಏನೂ ಆಗುವುದಿಲ್ಲ ಅಂತ ತರಲೆ ಪ್ರಶ್ನೆ ಕೇಳುವವರು ಇದ್ದಾರೆ. ಅಂಥವರಿಗೆ ನಮ್ಮಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ನಿಂಗ್ಯಾಕೆ ಅದೆಲ್ಲ? ಸುಮ್ನೆ ಉಣ್ಣು." ನಾವೂ ಸುಮ್ಮನೆ ಉಂಡು ಬೆಳೆದೆವು. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸುವುದಿಲ್ಲ, ಮೊರದಲ್ಲಿ ಹರವಿ ಗುರುವಾರದವರೆಗೆ ಇಟ್ಟರೆ ಕಲ್ಲು ತಾನೇ ಪಕ್ಕಕ್ಕೆ ಸರಿಯುತ್ತದೆ. ಹಾಗಾಗಿ ನಮ್ಮೂರ ಹೆಣ್ಣುಮಕ್ಕಳಿಗೆ ಕೇರುವುದೂ ಬಾರದು, ಆರಿಸುವುದೂ ಬಾರದು. ಬೇರೆ ಊರಿಗೆ ಮದುವೆಯಾಗಿ ಹೋದವರು ಅತ್ತೆಯ ಕೈಲಿ ಬೈಸಿಕೊಂಡು ತವರಿಗೆ ಬಂದು ಅಳುತ್ತಿದ್ದರು, "ಅಲ್ಲಿ ಗುರುವಾರ ಏನೂ ಬೇರೆಯಾಗಲ್ಲ ಕಣವ್ವ" ಅಂತ. ಹಿರಿಯರು ಒಪ್ಪುತ್ತಿರಲಿಲ್ಲ. ಗುರುವಾರ ಅಂದರೆ ಎಲ್ಲ ಕಡೆಯೂ ಗುರುವಾರವೇ, ಹೊರಗಿನವರಿಗೆ ಕಾಯುವ ತಾಳ್ಮೆ ಇಲ್ಲ, ಅರ್ಧಕ್ಕೇ ಕೈ ಹಾಕಿ ಕೆಡಿಸುತ್ತಾರೆ ಅನ್ನುವುದು ಅವರ ವಾದ. ಗುರುವಾರ ಯಾರೂ ಊರು ಬಿಟ್ಟು ಪ್ರಯಾಣ ಮಾಡುವ ಪದ್ಧತಿ ಇರಲಿಲ್ಲ, ಹಾಗಾಗಿ ಹೋಗಿ ನೋಡಿದವರೂ ಇರಲಿಲ್ಲ. ನಾನಂತೂ ಹಿರಿಯರ ಮಾತನ್ನೇ ನಂಬಿದ್ದೆ.

ನಮ್ಮಪ್ಪ ಗುರುಸಿದ್ದಪ್ಪ ಊರಿನ ಆಸ್ಪತ್ರೆಯಲ್ಲಿ ಕಾಂಪೌಂಡರ್. ಡಾಕ್ಟರು ವಾರಕ್ಕೆರಡು ಸಲ ಬರುತ್ತಿದ್ದರು, ಮಿಕ್ಕ ದಿನ ಊರಿನ ಕೆಮ್ಮು, ಜ್ವರ, ಹೊಟ್ಟೆನೋವು ಎಲ್ಲಕ್ಕೂ ಅಪ್ಪನೇ ದಿಕ್ಕು. ಗುರುವಾರ ಕೆಮ್ಮಿನ ಔಷಧಿ ಸೀಸೆಯಲ್ಲಿ ನಾಲ್ಕು ಬಣ್ಣದ ಪಟ್ಟಿಯಾಗಿ ನಿಂತುಬಿಡುತ್ತಿತ್ತು. ಅಪ್ಪ ನಾಲ್ಕು ಪುಟ್ಟ ಲೋಟಗಳಲ್ಲಿ ಒಂದೊಂದನ್ನೇ ಬಗ್ಗಿಸಿ, "ಇದು ಮೊದ್ಲು, ಇದು ಆಮೇಲೆ, ಕಹೀದು ಕೊನೇಗೆ, ಮಧ್ಯ ಉಸಿರು ಬಿಡ್ಬೇಡ" ಅಂತ ರೋಗಿಯ ಎದುರು ನಿಂತು ಕುಡಿಸುತ್ತಿದ್ದರು. ಜನಕ್ಕೆ ಅವರ ಮೇಲೆ ತುಂಬಾ ನಂಬಿಕೆ. ಅಪ್ಪನಿಗೆ ನನ್ನ ಮೇಲೆ ನಂಬಿಕೆ. ನಾನು ಹುಟ್ಟಿದ ವರ್ಷವೇ ನಿರ್ಧಾರ ಮಾಡಿಬಿಟ್ಟಿದ್ದರಂತೆ, ಮಗಳು ತನ್ನ ಹಾಗೆ ಯಾರೋ ಬರೆದ ಚೀಟಿ ನೋಡಿ ಬೆರೆಸುವವಳಾಗಬಾರದು, ಸಿಟಿಯ ಫಾರ್ಮಸಿ ಕಾಲೇಜಿಗೆ ಹೋಗಿ ಔಷಧಿಯನ್ನೇ ಮಾಡುವವಳಾಗಬೇಕು ಅಂತ. ಮನೆಗೆ ಯಾರೇ ಬಂದು "ಏನಾಗ್ತೀಯ ಮಗಾ?" ಅಂದರೆ ನಾನು ಒಂದೇ ಉಸಿರಿನಲ್ಲಿ "ಫಾರ್ಮಸಿ" ಅನ್ನುತ್ತಿದ್ದೆ. ಅದೇನು ಅಂತ ತಿಳಿಯದ ವಯಸ್ಸಿನಲ್ಲೇ ಅಷ್ಟು ಸಲೀಸಾಗಿ ಬರುತ್ತಿತ್ತು.

ಆದರೆ ಕೆಮಿಸ್ಟ್ರಿ ನನಗೆ ನಿಜವಾಗಿ ಹಿಡಿಸಿದ್ದು ಫಾರ್ಮಸಿಯಿಂದಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಗುರುವಾರ ನೋಡಿದೆ, ಮಜ್ಜಿಗೆಯ ಉಪ್ಪು ತಳಕ್ಕಿಳಿಯಿತು, ನೀರು ಮೇಲೆ ನಿಂತಿತು, ಆದರೆ ಮೊಸರು ಹಾಲಾಗಲಿಲ್ಲ! ಅಲ್ಲಿಂದ ಹುಚ್ಚು ಹಿಡಿಯಿತು. ಹಳೆಯ ನೋಟ್‌ಬುಕ್ಕಿನ ಹಿಂದೆ ಗುರುವಾರಕ್ಕೂ ಜಗ್ಗದವರ ಪಟ್ಟಿ ಬರೆಯತೊಡಗಿದೆ. ಮೊಸರು ಜಗ್ಗುವುದಿಲ್ಲ. ಸೋಪು ಜಗ್ಗುವುದಿಲ್ಲ. ಬೂದಿ ಮತ್ತೆ ಸೌದೆಯಾಗುವುದಿಲ್ಲ. ಬಾವಿಕಟ್ಟೆಯ ಸರಪಳಿಗೆ ಹಿಡಿದ ತುಕ್ಕು ಬಿಡುವುದಿಲ್ಲ. ಅರಿಶಿನಕ್ಕೆ ಸುಣ್ಣ ಹಾಕಿದರೆ ಬರುವ ಕೆಂಪು ಇನ್ನೇನು ಹೋಗುತ್ತದೆ ಅಂತ ಕಾದೆ, ಹೋಗಲಿಲ್ಲ. ಅವ್ವ "ಈ ಹುಡ್ಗಿಗೆ ಏನೋ ಆಗಿದೆ, ತುಕ್ಕು ನೋಡ್ಕೊಂಡು ಕೂತವ್ಳೆ" ಅಂತ ಅಪ್ಪನಿಗೆ ದೂರಿದರು. ಅಪ್ಪ ನಕ್ಕು ಹೊಸ ನೋಟ್‌ಬುಕ್ಕು ತಂದುಕೊಟ್ಟರು.

ಪಿಯುಸಿಯಲ್ಲಿ ನಮಗೆ ಕೆಮಿಸ್ಟ್ರಿಗೆ ಬಂದವರು ರಜಿಯಾ ಮೇಡಂ. ಹೊರಗಿನವರು, ಬಂದು ಎರಡು ತಿಂಗಳೂ ಆಗಿರಲಿಲ್ಲ. ಮೊದಲ ಗುರುವಾರ ಸ್ಟಾಫ್ ರೂಮಿನಲ್ಲಿ ಚಹಾ ಲೋಟ ಹಿಡಿದುಕೊಂಡು ಹತ್ತು ನಿಮಿಷ ಹಾಗೇ ನಿಂತಿದ್ದರಂತೆ. ಎರಡನೇ ಗುರುವಾರದಿಂದ ಬರೀ ಬಿಸಿನೀರು. ಗಟ್ಟಿ ಹೆಂಗಸು. ನಾನು ಹೆದರಿಕೊಂಡೇ ನನ್ನ ಪಟ್ಟಿ ತೋರಿಸಿದೆ. ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲ ಮೇಡಂ. ಸುಮ್ನೆ ನೋಡ್ದೆ."

"ಬೆರಕೆಯಾಗಿದ್ದು ಬೇರೆ, ಕೂಡಿ ಹೊಸದಾಗಿದ್ದು ಬೇರೆ. ಇದನ್ನ ಅರ್ಥ ಮಾಡ್ಸೋಕೆ ನಾನು ಬೇರೆ ಕಡೆ ವರ್ಷಗಟ್ಟಲೆ ಬಾಯಿ ಬಡ್ಕೊಂಡಿದೀನಿ ಕಣೇ ದಾಕ್ಷಾಯಿಣಿ. ನೀನು ಅಡುಗೆಮನೇಲಿ ಕೂತು ಬರ್ದಿದೀಯಲ್ಲ!"

ಅವತ್ತು ನಾನು ನೆಲದ ಮೇಲೆ ನಡೆಯಲಿಲ್ಲ. ಆಮೇಲೆ ಮೇಡಂ ತರಗತಿಯಲ್ಲಿ ಕೆಮಿಸ್ಟ್ರಿ ಓದಿದವರು ಏನೇನು ಆಗಬಹುದು ಅಂತ ಒಂದು ಪೂರ್ತಿ ಪೀರಿಯಡ್ಡು ಹೇಳಿದರು. ಕುಡಿಯುವ ನೀರು ಪರೀಕ್ಷೆ ಮಾಡುವವರಿದ್ದಾರೆ, ಸಕ್ಕರೆ ಕಾರ್ಖಾನೆಯ ಲ್ಯಾಬಿನವರಿದ್ದಾರೆ, ಬಟ್ಟೆಗೆ ಬಣ್ಣ ಕಟ್ಟುವವರು, ಮಣ್ಣು ನೋಡಿ ಗೊಬ್ಬರ ಹೇಳುವವರು, ಪಾಠ ಮಾಡುವವರು. ನನ್ನ ಗೆಳತಿ ಕುಸುಮ "ನಂಗೆ ಬ್ಯಾಂಕ್ ಸಾಕಪ್ಪ, ಕೈ ಸುಡಲ್ಲ" ಅಂದಳು, ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ಎಂದಿನಂತೆ "ಫಾರ್ಮಸಿ" ಅಂದೆ. ಮೇಡಂ "ಅದು ನಿಮ್ಮಪ್ಪಂದು. ನಿಂದೇನು?" ಅಂದುಬಿಟ್ಟರು. ನನಗೆ ಸಿಟ್ಟೇ ಬಂತು. ಅಪ್ಪನದು ಬೇರೆ ನನ್ನದು ಬೇರೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಇನ್ನು ಪ್ರಾಕ್ಟಿಕಲ್ ವಿಷಯ. ನಮ್ಮ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಕ್ಲಾಸು ಗುರುವಾರ ಮಧ್ಯಾಹ್ನ, ಕಾಲೇಜು ಕಟ್ಟಿದಾಗಿನಿಂದ ಹಾಗೇ. ಬೆರಕೆ ಪುಡಿಯನ್ನು ವಾಚ್ ಗ್ಲಾಸಿನ ಮೇಲೆ ಹರಡಿ ಕಿಟಕಿ ಪಕ್ಕ ಇಟ್ಟು ಕಾಲು ಗಂಟೆ ಕೈಕಟ್ಟಿ ಕೂತರೆ ಪುಡಿ ತಾನಾಗಿ ಎರಡೋ ಮೂರೋ ಗುಡ್ಡೆಯಾಗುತ್ತಿತ್ತು. ಚಮಚದಲ್ಲಿ ಎತ್ತಿ ಪೊಟ್ಟಣ ಕಟ್ಟಿ ಹೆಸರು ಬರೆದರೆ ಮುಗಿಯಿತು. ಕೈಕಟ್ಟಿ ಕೂರುವುದರಲ್ಲಿ ನಾನೇ ಕ್ಲಾಸಿಗೆ ಫಸ್ಟು! ಬರ್ನರುಗಳು ಕಪಾಟಿನಲ್ಲಿ ಧೂಳು ಹಿಡಿದು ಮಲಗಿದ್ದವು. ಹಿಂದೆಲ್ಲ ಪರೀಕ್ಷೆಯೂ ನಮ್ಮಲ್ಲೇ, ಗುರುವಾರವೇ ನಡೆಯುತ್ತಿತ್ತು, ಒಬ್ಬರೂ ಫೇಲಾದ ದಾಖಲೆ ಇಲ್ಲ.

ರಜಿಯಾ ಮೇಡಂ ಬಂದವರೇ ಪ್ರಾಕ್ಟಿಕಲ್ಲನ್ನು ಸೋಮವಾರಕ್ಕೆ ಹಾಕಿದರು. "ಗುರುವಾರ ನೀವು ಕಲೀತಿರೋದು ಏನೂ ಅಲ್ಲ. ಹೊರಗೆ ಹೋದ್ರೆ ಇದು ನಡೆಯಲ್ಲ, ನನ್ನ ಮಾತು ಕೇಳಿ" ಅಂದರು. ನಮಗೆ ನಗು. ಇವರಿಗೂ ಹೊರಗಿನವರ ಅವಸರದ ರೋಗವೇ ಅಂದುಕೊಂಡೆವು. ಮೊದಲ ಸೋಮವಾರ ಬರ್ನರ್ ಹಚ್ಚಲು ಹೋಗಿ ಕುಸುಮನ ಜಡೆಯ ತುದಿ ಚುರ್ ಅಂತು. ಅಷ್ಟೇ ಸಾಕಾಯಿತು. ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಹೋಯಿತು: "ಪರಂಪರೆಯಿಂದ ನಡೆದುಬಂದ ಗುರುವಾರದ ಪ್ರಾಕ್ಟಿಕಲ್ಲನ್ನೇ ಮುಂದುವರಿಸಬೇಕಾಗಿ ಕೋರಿಕೆ." ಕ್ಲಾಸಿನ ಹನ್ನೊಂದೂ ಜನರ ಸಹಿ. ಬರೆದವಳು ನಾನು, ದುಂಡಗಿನ ಅಕ್ಷರದಲ್ಲಿ, ಮೊದಲ ಸಹಿಯೂ ನನ್ನದೇ. ಪ್ರಿನ್ಸಿಪಾಲರು ಮೇಡಂ ಕೈಗೆ ಅರ್ಜಿ ಕೊಟ್ಟಾಗ ಅವರು ಅಕ್ಷರ ಗುರುತಿಸಿದರು ಅಂತ ನನಗೆ ಗೊತ್ತು. ಬರ್ನರಿನ ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದರು. ಪ್ರಾಕ್ಟಿಕಲ್ ಮತ್ತೆ ಗುರುವಾರಕ್ಕೇ ಬಂತು.

ಆ ವರ್ಷ ಇದ್ದಕ್ಕಿದ್ದಂತೆ ಪರೀಕ್ಷಾ ಕೇಂದ್ರ ಬದಲಾಯಿತು. ಪ್ರಾಕ್ಟಿಕಲ್ ಪರೀಕ್ಷೆ ಸಿಟಿಯ ಕಾಲೇಜಿನಲ್ಲಿ ಅಂತ ನೋಟೀಸು ಬಂತು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತೆವು. ಆಮೇಲೆ ತಾರೀಖು ನೋಡಿದರೆ ಗುರುವಾರ! ಕಾರಿಡಾರಿನಲ್ಲಿ ಕುಣಿದೇ ಕುಣಿದೆವು. ಬುಧವಾರ ಮಧ್ಯಾಹ್ನವೇ ಹೊರಟು ಸಿಟಿಯ ಹಾಸ್ಟೆಲಿನಲ್ಲಿ ಉಳಿದುಕೊಂಡೆವು. ಬೆಳಿಗ್ಗೆ ಹಾಸ್ಟೆಲಿನವರು ಕಾಫಿ ಕೊಡಲು ಬಂದರು, ಗುರುವಾರ ಅದರ ಗೊಡವೆ ಯಾಕೆ ಅಂತ ಹನ್ನೊಂದು ಜನರೂ ಬೇಡ ಅಂದೆವು. ಒಬ್ಬಳು ಒಂದು ಗುಟುಕು ಕುಡಿದಿದ್ದರೂ ಸಾಕಿತ್ತು, ಅಯ್ಯೋ.

ಪರೀಕ್ಷೆಗೆ ಬಂದದ್ದು ಒಂದು ಪೊಟ್ಟಣ ಬಿಳಿ ಪುಡಿ. ಚೀಟಿಯಲ್ಲಿ ಬರೆದಿತ್ತು: ನವಸಾಗರ, ಅಡುಗೆ ಉಪ್ಪು, ಮರಳು. ಮೂರನ್ನೂ ಬೇರೆ ಮಾಡಿ ಮೂರು ಪೊಟ್ಟಣ ಕಟ್ಟಿ ಒಪ್ಪಿಸಬೇಕು, ಎರಡು ಗಂಟೆ ಸಮಯ. ನಾವು ಹನ್ನೊಂದು ಜನ ವಾಚ್ ಗ್ಲಾಸಿನ ಮೇಲೆ ಪುಡಿ ಹರಡಿದೆವು. ಕಿಟಕಿಯ ಕಡೆಯ ಮೇಜಿಗೆ ಸಾಲಾಗಿ ಇಟ್ಟೆವು. ಸ್ಟೂಲು ಎಳೆದುಕೊಂಡು ಕೈಕಟ್ಟಿ ಕೂತೆವು. ಸಿಟಿಯ ಹುಡುಗ ಹುಡುಗಿಯರು ಬರ್ನರ್ ಹಚ್ಚುತ್ತಿದ್ದರು, ಅತ್ತಿತ್ತ ಓಡುತ್ತಿದ್ದರು. ಪಾಪ, ಎಷ್ಟು ಒದ್ದಾಡ್ತಾರೆ ಅಂತ ನನಗೆ ಮರುಕ. ಕಾಲು ಗಂಟೆಯಾಯಿತು. ಅರ್ಧ ಗಂಟೆಯಾಯಿತು. ಪುಡಿ ಇದ್ದ ಹಾಗೇ ಇತ್ತು.

ಪರೀಕ್ಷಕರು ಬಂದು ನನ್ನ ಪಕ್ಕ ನಿಂತರು. ತೆಳ್ಳಗಿನ ಮನುಷ್ಯ, ಮೆತ್ತಗಿನ ದನಿ. "ಯಾಕಮ್ಮ, ಸುಮ್ನೆ ಕೂತಿದೀಯ? ಹುಷಾರಿಲ್ವ?"

"ಹುಷಾರಾಗಿದೀನಿ ಸಾರ್. ಬೇರೆಯಾಗ್ಲಿ ಅಂತ ಕಾಯ್ತಿದೀನಿ."

"ಏನು ಬೇರೆಯಾಗ್ಲಿ ಅಂತ?"

"ಪುಡಿ, ಸಾರ್. ಗುರುವಾರ ಅಲ್ವಾ ಇವತ್ತು?"

ಅವರು ನನ್ನ ಮುಖ ನೋಡಿದರು, ಪುಡಿ ನೋಡಿದರು, ಉದ್ದಕ್ಕೆ ಸಾಲಾಗಿ ಕೈಕಟ್ಟಿ ಕೂತಿದ್ದ ಉಳಿದ ಹತ್ತು ಜನರನ್ನು ನೋಡಿದರು. ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಅವರು ಮಾತ್ರ ನಗಲಿಲ್ಲ. "ಅದು ತಾನಾಗಿ ಆಗಲ್ಲಮ್ಮ. ನೀನು ಮಾಡ್ಬೇಕು" ಅಂದು ಮುಂದೆ ಹೋದರು. ಅಷ್ಟು ಸಣ್ಣ ಮಾತು. ತವರಿಗೆ ಬಂದು ಅಳುತ್ತಿದ್ದ ಹೆಣ್ಣುಮಕ್ಕಳು ಹೇಳಿದ್ದು ನಿಜ, ಮೇಡಂ ಹೇಳಿದ್ದು ನಿಜ, ಸುಳ್ಳಾಗಿದ್ದವರು ನಾವು. ಪಕ್ಕದಲ್ಲಿ ಕುಸುಮ ಇನ್ನೂ ತನ್ನ ಪುಡಿಯನ್ನೇ ದಿಟ್ಟಿಸುತ್ತಿದ್ದಳು, ಮಾತಾಡುವ ಹಾಗಿಲ್ಲ. ನಾಚಿಕೆಗೆ ಎದ್ದು ಓಡಿಹೋಗೋಣ ಅನ್ನಿಸಿತು.

ಓಡಲಿಲ್ಲ. ಪಾಠದಲ್ಲಿ ಕೇಳಿದ್ದನ್ನು ನೆನಪು ಮಾಡಿಕೊಂಡೆ. ನವಸಾಗರ ಬಿಸಿಗೆ ಕರಗುವುದಿಲ್ಲ, ನೇರ ಹೊಗೆಯಾಗುತ್ತದೆ, ತಣ್ಣಗಾದರೆ ಮತ್ತೆ ಪುಡಿಯಾಗಿ ಕೂರುತ್ತದೆ. ಉಪ್ಪು ನೀರಿಗೆ ಕರಗುತ್ತದೆ, ಮರಳು ಕರಗುವುದಿಲ್ಲ. ಬಾಯಿಪಾಠಕ್ಕೆ ಇಷ್ಟೂ ಗೊತ್ತಿತ್ತು, ಕೈಗೆ ಮಾತ್ರ ಏನೂ ಗೊತ್ತಿರಲಿಲ್ಲ. ಬರ್ನರ್ ಹಚ್ಚಲು ಐದು ಕಡ್ಡಿ ಬೇಕಾದವು. ಪಿಂಗಾಣಿ ಬಟ್ಟಲಿಗೆ ಪುಡಿ ಸುರಿದು, ಮೇಲೆ ಗಾಜಿನ ಆಲಿಕೆಯನ್ನು ಬೋರಲು ಹಾಕಿ ನಿಂತೆ. ಸ್ವಲ್ಪ ಹೊತ್ತಿಗೆ ಬಿಳಿ ಹೊಗೆ ಎದ್ದಿತು. ಆಲಿಕೆಯ ಒಳಗೋಡೆಗೆ ಅದು ಮೆತ್ತಗೆ, ತೆಳ್ಳಗೆ, ಬೆಳ್ಳಗೆ ಹತ್ತಿಕೊಳ್ಳತೊಡಗಿತು. ಏನು ಹೇಳಲಿ ನಿಮಗೆ! ಎಷ್ಟೋ ಗುರುವಾರ ನೂರಾರು ಗುಡ್ಡೆ ನೋಡಿದ್ದೆ, ಒಂದಕ್ಕೂ ಮೈ ಜುಮ್ಮೆಂದಿರಲಿಲ್ಲ. ಇದು ನಾನು ಹೇಳಿದ್ದಕ್ಕೆ ಎದ್ದು ಬಂದ ಹೊಗೆ. ಪರೀಕ್ಷೆ, ಅಂಕ, ಅಪ್ಪ, ಎಲ್ಲ ಮರೆತು ಅದನ್ನೇ ನೋಡುತ್ತಾ ನಿಂತುಬಿಟ್ಟೆ. ಗಂಟೆ ಬಾರಿಸಿತು. ಒಪ್ಪಿಸಿದ್ದು ಒಂದು ಪೊಟ್ಟಣ ನವಸಾಗರ ಮತ್ತು ಒಂದು ಮುದ್ದೆ ಹಸಿ ಮರಳು.

ಮೂವತ್ತಕ್ಕೆ ಆರು ಅಂಕ. ಉಳಿದ ಹತ್ತು ಜನಕ್ಕೆ ಸೊನ್ನೆ. ಊರಿಗೆ ಊರೇ ಎದ್ದು ನಿಂತಿತು. ಸಿಟಿಯವರು ಮೋಸ ಮಾಡಿದರು, ಗುರುವಾರವನ್ನೂ ಕೆಡಿಸಿಟ್ಟಿದ್ದಾರೆ, ನಮ್ಮ ಮಕ್ಕಳನ್ನು ನಗೆಪಾಟಲು ಮಾಡಿದರು ಅಂತ ಕಾಲೇಜಿನ ಮುಂದೆ ಗುಂಪು ಸೇರಿತು. ನನಗೆ ಮನೆಯಿಂದ ಹೊರಗೆ ಬರಲು ಮುಖವಿರಲಿಲ್ಲ. ಯಾರೂ ನನ್ನ ಅರ್ಜಿಯ ಸುದ್ದಿ ಎತ್ತಲಿಲ್ಲ, ಎತ್ತಿದ್ದರೆ ಮನಸ್ಸಿಗೆ ಹಗುರಾಗುತ್ತಿತ್ತೋ ಏನೋ. ಮೂರನೆಯ ದಿನ ರಜಿಯಾ ಮೇಡಂ ಮನೆ ಬಾಗಿಲು ತಟ್ಟಿದೆ. ಒಳಗೆ ಕರೆದರು, ಕೂರಿಸಿದರು, ನಾನು ಅಳುವುದು ಮುಗಿಯುವವರೆಗೆ ಬಟಾಣಿ ಸುಲಿಯುತ್ತಾ ಕೂತರು.

"ಅರ್ಜಿ ಬರ್ದಿದ್ದು ನಾನೇ ಮೇಡಂ. ಹತ್ತು ಜನ ನನ್ನಿಂದ ಹಾಳಾದ್ರು."

"ಗೊತ್ತು. ಅಕ್ಷರ ಚೆನ್ನಾಗಿತ್ತು" ಅಂದರು. ಆಮೇಲೆ, "ಹೊಗೆ ಬಂತಂತೆ?"

ಪರೀಕ್ಷಕರು ಹೇಳಿದ್ದರೇನೋ. ನಾನು ಕಣ್ಣೊರೆಸಿಕೊಂಡು ಹೊಗೆಯ ಕಥೆ ಶುರು ಮಾಡಿದೆ, ಅದು ಎಲ್ಲಿಂದ ಎದ್ದಿತು, ಎಲ್ಲಿ ಕೂತಿತು, ಎಷ್ಟು ತೆಳ್ಳಗಿತ್ತು. ಹೇಳುತ್ತಾ ಹೇಳುತ್ತಾ ಅಳು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮೇಡಂ ಬಟಾಣಿ ಬಿಟ್ಟು ಕೇಳುತ್ತಿದ್ದರು. "ಕ್ಷಮೆ ಗಿಮೆ ಏನೂ ಬೇಡ. ಈ ಗಲಾಟೆ ಮುಗೀಲಿ, ಆಮೇಲಿನ ಸೋಮವಾರ ನಾಲ್ಕು ಗಂಟೆಗೆ ಲ್ಯಾಬಿಗೆ ಬಾ. ಮೊದ್ಲು ಬರ್ನರ್ ಒರೆಸೋ ಕೆಲಸ" ಅಂದರು.

ಅಷ್ಟರಲ್ಲಿ ಕಾಲೇಜು ಕಮಿಟಿಯ ಅಧ್ಯಕ್ಷರು ಸಿಟಿಗೆ ನಾಲ್ಕು ಸಲ ಓಡಾಡಿ, ಯಾರ ಯಾರ ಕೈಕಾಲು ಹಿಡಿದರೋ, ಒಂದು ಆದೇಶ ತಂದರು. ಹನ್ನೊಂದು ಜನಕ್ಕೂ ವಿಶೇಷ ಪ್ರಾಕ್ಟಿಕಲ್, ನಮ್ಮ ಕಾಲೇಜಿನಲ್ಲೇ, ಬರುವ ಗುರುವಾರ. ಊರಲ್ಲಿ ಪಟಾಕಿ ಹೊಡೆದರು. ಅಪ್ಪ ಆಸ್ಪತ್ರೆಯಿಂದ ಓಡೋಡಿ ಬಂದರು, ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಫಾರ್ಮಸಿ ಕಾಲೇಜಿನ ಪ್ರವೇಶದ ಪಟ್ಟಿ ಮುಚ್ಚಲು ಹನ್ನೆರಡು ದಿನವಿತ್ತು. ಗುರುವಾರ ಕೂತು ಮೂರು ಪೊಟ್ಟಣ ಕಟ್ಟಿದರೆ ಮೂವತ್ತಕ್ಕೆ ಮೂವತ್ತು, ಸೀಟು ಕೈಯಲ್ಲಿ. ಕೂರದಿದ್ದರೆ ಸಿಟಿಯಲ್ಲಿ ಸಪ್ಲಿಮೆಂಟರಿ ಪರೀಕ್ಷೆ ಬರುವವರೆಗೆ ಕಾಯಬೇಕು, ಅಷ್ಟರಲ್ಲಿ ಸೀಟು ಯಾರದೋ ಪಾಲಾಗಿರುತ್ತದೆ, ಮುಂದಿನ ವರ್ಷ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಕೂತುಬಿಡು, ಯಾರಿಗೆ ನಷ್ಟ, ಅಪ್ಪ ನಗುತ್ತಾರೆ, ಅನ್ನಿಸುತ್ತಿತ್ತು. ಸೀಟು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಸಿಟಿಯ ಲ್ಯಾಬಿನಲ್ಲಿ ನಾಲ್ಕು ವರ್ಷ ಕೈಕಟ್ಟಿ ಕೂರಲಾಗುತ್ತದೆಯೇ? ಅದಕ್ಕಿಂತ ಹೆಚ್ಚಾಗಿ ಆ ಹೊಗೆ ಕಣ್ಣಿನಿಂದ ಹೋಗಲೇ ಇಲ್ಲ. ಮತ್ತೆ ಕಾಯುತ್ತಾ ಕೂರುವವಳಾಗಲು ಮನಸ್ಸೇ ಬರಲಿಲ್ಲ. ಕುಸುಮನಿಗೆ ಹೇಳಿದೆ. "ನಿಂಗೆ ಹುಚ್ಚು. ಕೈಗೆ ಬಂದಿದ್ದನ್ನ ಒದೀತಿದೀಯ. ನಂಗಂತೂ ಪಾಸಾದ್ರೆ ಸಾಕು ಕಣೇ" ಅಂದಳು. ಅವಳಿಗೆ ಅದು ಸರಿಯೇ ಇತ್ತು, ಅವಳು ಬ್ಯಾಂಕಿಗೆ ಹೋಗುವವಳು. ಅವಳ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ.

ಅಪ್ಪನಿಗೆ ಹೇಳಿದ್ದು ಮಂಗಳವಾರ ಬೆಳಿಗ್ಗೆ, ಅವರು ಆಸ್ಪತ್ರೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದಾಗ.

"ಅಪ್ಪ, ನಾನು ಗುರುವಾರ ಕೂರಲ್ಲ. ಸಿಟೀಲೇ ಬರೀತೀನಿ, ಸಪ್ಲಿಮೆಂಟರಿ."

ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. "ತಲೆ ಕೆಟ್ಟಿದೆಯಾ ನಿಂಗೆ? ಸೀಟು ಹೋಗತ್ತೆ!"

"ಹೋಗ್ಲಿ."

"ಹೋಗ್ಲಿ ಅಂತೀಯಾ? ಹದಿನೇಳು ವರ್ಷ ಇದೊಂದೇ ಕನಸು ಕಂಡಿದೀನಿ ಕಣೇ! ನಿಂಗೇನು, ಹೋಗ್ಲಿ ಅಂದ್ಬಿಟ್ಟೆ!" ಅಪ್ಪ ನನ್ನ ಮೇಲೆ ದನಿ ಎತ್ತಿದವರಲ್ಲ. ಅಂದು ಬೀದಿಗೆಲ್ಲ ಕೇಳಿಸಿತು. ಅವ್ವ ಒಳಗಿಂದ ಬಂದು ಇಬ್ಬರ ನಡುವೆ ನಿಂತರು. ನನಗೂ ಅಳು, ಹಟ ಎರಡೂ ಒಟ್ಟಿಗೆ ಬಂದವು. "ತಾನಾಗಿ ಬೇರೆಯಾಗಿದ್ದನ್ನ ಎತ್ತಿಟ್ರೆ ಅದು ನನ್ನ ವಿದ್ಯೆ ಆಗತ್ತಾ ಅಪ್ಪ? ಸಿಟೀಲಿ ಅಷ್ಟು ಜನದೆದುರು ಪುಡಿ ನೋಡ್ಕೊಂಡು ಕೂತಿದ್ನಲ್ಲ, ಹಂಗೆ ಜೀವನ ಪೂರ್ತಿ ಕೂರ್ಲಾ?" ಅಂದೆ. ಅಪ್ಪನ ಮುಖದಿಂದ ಬಣ್ಣ ಇಳಿದುಹೋಯಿತು. ಇನ್ನೊಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು, ಆ ದಿನ ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಅವ್ವ ಕೊಟ್ಟ ಡಬ್ಬಿ ಹಿಡಿದು ನಾನೇ ಆಸ್ಪತ್ರೆಗೆ ಹೋದೆ. ಔಷಧಿ ಕೋಣೆಯಲ್ಲಿ ಒಬ್ಬರೇ ಕೂತು ಸೀಸೆ ಒರೆಸುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. "ಕೂತ್ಕೊ" ಅಂದರು.

"ನಂಗೂ ಸಿಟೀಲಿ ಕೆಲಸ ಸಿಕ್ಕಿತ್ತು, ಗೊತ್ತಾ ನಿಂಗೆ? ನೀನು ಹುಟ್ಟೋಕ್ಕಿಂತ ಎಷ್ಟೋ ಮುಂಚೆ. ದೊಡ್ಡಾಸ್ಪತ್ರೆ. ನಾನೂ ಇಲ್ಲೇ ಗುರುವಾರವೇ ಪಾಸಾಗಿದ್ದೋನು." ಸೀಸೆ ಕೆಳಗಿಟ್ಟರು. "ಹೋದ ಮೂರನೇ ದಿನ ಯಾರೋ ಎರಡು ಔಷಧಿ ಪುಡಿ ತಪ್ಪಾಗಿ ಒಂದೇ ಡಬ್ಬಕ್ಕೆ ಸುರಿದುಬಿಟ್ಟಿದ್ರು. ಬೇರೆ ಮಾಡು ಅಂದ್ರು. ಗುರುವಾರ ಮಾಡ್ಕೊಡ್ತೀನಿ ಅಂದೆ. ಅವರೂ ಆಯ್ತು ಅಂದ್ರು, ಏನೋ ನಮ್ಮೂರ ಕಡೆ ವಿದ್ಯೆ ಇರ್ಬೇಕು ಅಂತ. ಗುರುವಾರ ತಟ್ಟೇಲಿ ಹರಡ್ಕೊಂಡು ಕೂತೆ. ಡಾಕ್ಟರು, ನರ್ಸು, ಕಸ ಗುಡಿಸೋರು, ಎಲ್ಲ ಬಂದು ಬಂದು ನೋಡ್ಕೊಂಡು ಹೋದ್ರು. ಸಾಯಂಕಾಲದವರೆಗೂ ಕೂತೆ ದಾಕ್ಷಿ. ಆಮೇಲೆ ಎದ್ದು ಸೀದಾ ಬಸ್ ಸ್ಟ್ಯಾಂಡಿಗೆ ಬಂದ್ಬಿಟ್ಟೆ. ರೂಮಿಗೂ ಹೋಗ್ಲಿಲ್ಲ. ನನ್ನ ಎರಡು ಷರ್ಟು ಅಲ್ಲೇ ಉಳಿದೋಯ್ತು."

"ಯಾರಿಗೂ ಹೇಳ್ಲಿಲ್ವಾ?" ಅಂದೆ.

"ಏನಂತ ಹೇಳ್ಲಿ? ಅಮ್ಮನಿಗೆ ಹುಷಾರಿಲ್ಲ, ಅದಕ್ಕೆ ಬಂದೆ ಅಂದೆ. ಎಲ್ಲಾರೂ ಎಂಥಾ ಮಗ ಅಂದ್ರು. ನೀನು ಪರೀಕ್ಷೆಗೆ ಹೊರಟಾಗ್ಲೂ ನಾಚ್ಕೇಗೆ ಬಾಯಿ ಬಿಡ್ಲಿಲ್ಲ." ಅಪ್ಪ ಡಬ್ಬಿ ತೆಗೆದು ಒಂದು ತುತ್ತು ಬಾಯಿಗಿಟ್ಟರು. "ನೀನು ಎದ್ದು ಬರ್ಲಿಲ್ವಂತೆ. ಬರ್ನರ್ ಹಚ್ಚಿದ್ಯಂತೆ. ಅಷ್ಟು ಹೊತ್ತು ಕೂತಿದ್ನಲ್ಲ, ನಾನೂ ಯಾರನ್ನಾದ್ರೂ ಹೆಂಗೆ ಮಾಡೋದು ಅಂತ ಕೇಳ್ಬೋದಿತ್ತು. ಕೇಳ್ಲಿಲ್ಲ." ಡಬ್ಬಿ ಮುಚ್ಚಿ, "ಹೋಗವ್ವ, ಸಿಟೀಲೇ ಬರಿ" ಅಂದರು.

ಗುರುವಾರ ಹತ್ತು ಜನ ಕೂತು ಪಾಸಾದರು. ಹನ್ನೆರಡನೆಯ ದಿನ ಪಟ್ಟಿ ಮುಚ್ಚಿತು, ನನ್ನ ಸೀಟು ಹೋಯಿತು. ದುಃಖವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಒಂದು ಇಡೀ ದಿನ ಚಾಪೆ ಬಿಟ್ಟು ಏಳಲಿಲ್ಲ. ಆಮೇಲೆ ಸೋಮವಾರ ಬಂತು. ಮೇಡಂ ಬರ್ನರ್ ಒರೆಸುವ ಕೆಲಸ ಕೊಟ್ಟರು, ಕಡ್ಡಿ ಗೀರಿಸಿದರು, ಸೋಸುವ ಕಾಗದ ಮಡಿಸುವುದನ್ನು ಇಪ್ಪತ್ತು ಸಲ ಮಾಡಿಸಿದರು. ಉಪ್ಪುನೀರು ಕಾಯಿಸಿ ಉಪ್ಪು ಚಿಟಚಿಟ ಸಿಡಿದಾಗ ಮುಖ ಹಿಂದಕ್ಕೆ ತೆಗೆಯುವುದನ್ನು ಬೈದು ಕಲಿಸಿದರು. ಮೂರು ಸಲ ಮರಳಿನ ಜೊತೆ ಉಪ್ಪೂ ಹೋಯಿತು, ಎರಡು ಸಲ ಆಲಿಕೆ ಒಡೆಯಿತು. ಸೋಮವಾರದ ಜೊತೆಗೆ ಬುಧವಾರ, ಶುಕ್ರವಾರವೂ ಸೇರಿಕೊಂಡವು. ಗುರುವಾರ ಮಾತ್ರ ಲ್ಯಾಬಿಗೆ ಬೀಗ.

ಸಪ್ಲಿಮೆಂಟರಿ ಪರೀಕ್ಷೆ ಸಿಟಿಯಲ್ಲಿ, ಅದೂ ಒಂದು ಗುರುವಾರವೇ ಬಂತು. ಹಿಂದಿನ ದಿನ ನಾನು ಚೀಲ ತುಂಬುತ್ತಿದ್ದರೆ ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದು ನಿಂತರು. "ನಾನೂ ಬರ್ತೀನಿ" ಅಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿ ಆಚೆ ನೋಡುತ್ತಿದ್ದರು. ಕಾಲೇಜಿನ ಗೇಟಿನವರೆಗೆ ಬಂದವರು ಒಳಗೆ ಕಾಲಿಡಲಿಲ್ಲ. "ನಾನಿಲ್ಲೇ ಇರ್ತೀನಿ, ನೀನು ಹೋಗು" ಅಂತ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು.

ಅದೇ ಪರೀಕ್ಷಕರು. ಅದೇ ಥರದ ಪೊಟ್ಟಣ. ಈ ಸಲ ಒಂದೇ ಕಡ್ಡಿಗೆ ಬರ್ನರ್ ಹತ್ತಿತು. ನವಸಾಗರ ಆಲಿಕೆಗೆ ಕೂತಿತು, ಕೆರೆದು ಪೊಟ್ಟಣ ಕಟ್ಟಿದೆ. ಉಳಿದದ್ದಕ್ಕೆ ನೀರು ಹಾಕಿ ಕದಡಿ ಸೋಸಿದೆ, ಮರಳು ಕಾಗದದ ಮೇಲೆ ಉಳಿಯಿತು. ಸೋಸಿದ ನೀರನ್ನು ಕಾಯಿಸಿದೆ. ಅವಸರಕ್ಕೆ ಬಿಸಿ ಬಟ್ಟಲು ಮುಟ್ಟಿ ಎರಡು ಬೆರಳು ಸುಟ್ಟುಕೊಂಡೆ, ಬಿಡಲಿಲ್ಲ. ಗಂಟೆ ಬಾರಿಸಲು ಐದು ನಿಮಿಷ ಇದ್ದಾಗ ಬಟ್ಟಲ ತಳದಲ್ಲಿ ಬೆಳ್ಳಗೆ ಒಣ ಉಪ್ಪು. ಮೂರು ಪೊಟ್ಟಣ ಒಪ್ಪಿಸಿದೆ. ಪರೀಕ್ಷಕರು ಒಂದೊಂದನ್ನೂ ಬಿಚ್ಚಿ ನೋಡಿ, "ಮುಂದೆ ಏನು ಓದ್ಬೇಕು ಅಂತಿದೀಯಮ್ಮ?" ಅಂತ ಕೇಳಿದರು. ಎಂದಿನ ಉತ್ತರ ಬಾಯಿಗೆ ಬರಲಿಲ್ಲ. "ಇನ್ನೂ ಗೊತ್ತಿಲ್ಲ ಸಾರ್. ಫಾರ್ಮಸಿಯೋ, ನೀರು ಪರೀಕ್ಷೆಯೋ, ಪಾಠ ಮಾಡೋದೋ. ಆದ್ರೆ ಇಂಥದ್ದೇ ಕೆಲಸ ಬೇಕು" ಅಂದೆ. ಅವರು ತಲೆಯಾಡಿಸಿ ಪೊಟ್ಟಣಗಳ ಮೇಲೆ ನನ್ನ ನಂಬರು ಬರೆದುಕೊಂಡರು.

ಹೊರಗೆ ಬಂದರೆ ಅಪ್ಪ ಅದೇ ಕಟ್ಟೆಯ ಮೇಲೆ, ಕೂತಿದ್ದ ಹಾಗೇ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು. ಕೇಳಲು ಹೆದರಿಕೆ, ಕೇಳದೆ ಇರಲೂ ಆಗದು.

"ಬೇರೆ ಆಯ್ತಾ?" ಅಂದರು.

"ಇಲ್ಲಪ್ಪ. ಆಗ್ಲಿಲ್ಲ. ನಾನೇ ಮಾಡ್ದೆ."

ಅಪ್ಪ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಸುಟ್ಟ ಬೆರಳು ಎರಡೂ ಕೆಂಪಗೆ ಊದಿಕೊಂಡಿದ್ದವು. ಊರಿನವರ ಗಾಯಕ್ಕೆಲ್ಲ ಮುಲಾಮು ಹಚ್ಚುವ ಮನುಷ್ಯ, ಅಂದು ಜೇಬಿನಲ್ಲಿ ಒಂದು ಚೂರು ಮುಲಾಮೂ ಇರಲಿಲ್ಲ. ಬೆರಳನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಜನ ಓಡಾಡುವ ಆ ಬೀದಿಯಲ್ಲಿ, ಊದುತ್ತಾ ಊದುತ್ತಾ ಅತ್ತರು.